ಸರ್ಕಾರಿ ಯೋಜನೆಗಳ ಬಗ್ಗೆ ಬರುವ ಅರ್ಥಶಾಸ್ತ್ರ ಸಂಶೋಧನೆಯನ್ನು ನೀವೇ ಓದುವುದು ಹೇಗೆ?

"ಅಧ್ಯಯನವೊಂದು ಹೇಳಿದೆ" ಎಂದು ಶುರುವಾಗುವ ಸುದ್ದಿ ಬಂದಾಗಲೆಲ್ಲ ಓದುಗರಿಂದ ನನಗೆ ಅದೇ ಪ್ರಶ್ನೆ ಬರುತ್ತದೆ. ಇದನ್ನು ನಂಬಬಹುದಾ? ಕೇಳುವವರಲ್ಲಿ ಶಾಲೆಯ ಮೇಷ್ಟ್ರು ಇದ್ದಾರೆ, ಪಂಚಾಯಿತಿ ಸದಸ್ಯರಿದ್ದಾರೆ, ಕೆಎಎಸ್ ಪರೀಕ್ಷೆಗೆ ಓದುವವರಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನನ್ನ ಸಲಹೆ ಇಷ್ಟೇ: ಸುದ್ದಿಯನ್ನು ಪಕ್ಕಕ್ಕಿಟ್ಟು ಮೂಲ ಪ್ರಬಂಧವನ್ನೇ ಓದಿ. ಅದರಲ್ಲಿನ ಗಣಿತ ಪೂರ್ತಿ ಅರ್ಥವಾಗಬೇಕಿಲ್ಲ. "ಯಾರ ಜೊತೆ ಹೋಲಿಸಿ ಹೇಳುತ್ತಿದ್ದಾರೆ?" ಎಂಬ ಒಂದು ಪ್ರಶ್ನೆಯನ್ನು ಬಿಡದೆ ಹಿಡಿದುಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ.

ವಿವರಿಸಲು ಒಂದೇ ಉದಾಹರಣೆಯನ್ನು ಕೊನೆಯವರೆಗೂ ಬಳಸುತ್ತೇನೆ. ಬಿಹಾರ ಸರ್ಕಾರ 2006ರಲ್ಲಿ 9ನೇ ತರಗತಿಗೆ ಸೇರುವ ಹುಡುಗಿಯರಿಗೆ ಸೈಕಲ್ ಕೊಳ್ಳಲು 2000 ರೂಪಾಯಿ ಕೊಡುವ ಯೋಜನೆ ತಂದಿತು. ಅದರಿಂದ ಏನಾಯಿತು ಎಂದು ಕಾರ್ತಿಕ್ ಮುರಳೀಧರನ್ ಮತ್ತು ನಿಶೀಥ್ ಪ್ರಕಾಶ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದರು. ಅವರ ಪ್ರಬಂಧ 2017ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞರ ಸಂಘದ ಸಂಶೋಧನಾ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಹೊಸದಾಗಿ ಓದುವವರಿಗೆ ಇದಕ್ಕಿಂತ ಒಳ್ಳೆಯ ಪ್ರಬಂಧ ನನಗೆ ಸಿಕ್ಕಿಲ್ಲ.

ಏನೇನು ಬೇಕು?

ಎರಡು ಗಂಟೆ ಬಿಡುವು, ಒಂದು ಪೆನ್ನು, ಒಂದು ಹಾಳೆ. ಶೇಕಡಾ ಲೆಕ್ಕ ಗೊತ್ತಿರಬೇಕು. ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವಷ್ಟು ಬಂದರೆ ಸಾಕು. ಇಂಥ ಪ್ರಬಂಧಗಳು ಕನ್ನಡದಲ್ಲಿ ಬರುವುದು ತೀರಾ ಕಡಿಮೆ. ನನಗೆ ನಿಜಕ್ಕೂ ಬೇಸರದ ಸಂಗತಿ ಇದು. ನಮ್ಮದೇ ಯೋಜನೆಗಳ ಬಗ್ಗೆ ನಮ್ಮ ಭಾಷೆಯಲ್ಲಿ ಓದುವಂತಿರಬೇಕಿತ್ತು, ಅಲ್ವಾ?

1. ಮೂಲ ಪ್ರಬಂಧವನ್ನು ಹುಡುಕಿ

ಸುದ್ದಿಯಲ್ಲಿ ಸಂಶೋಧಕರ ಹೆಸರಿದ್ದರೆ ಅದನ್ನು ಸಂಶೋಧನಾ ಪ್ರಬಂಧಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ನಲ್ಲಿ ಹಾಕಿ. ಪ್ರಬಂಧ ಪ್ರಕಟಿಸಿದ ಸಂಶೋಧನಾ ಪತ್ರಿಕೆಯವರು ದುಡ್ಡು ಕೇಳಿದರೆ ಅಲ್ಲೇ ನಿಲ್ಲಬೇಡಿ. ಅರ್ಥಶಾಸ್ತ್ರದವರಲ್ಲಿ ಒಂದು ಒಳ್ಳೆಯ ರೂಢಿ ಇದೆ, ಹೆಚ್ಚಿನವರು ತಮ್ಮ ಪ್ರಬಂಧದ ಪಿಡಿಎಫ್ ಅನ್ನು ತಮ್ಮ ಸ್ವಂತ ಜಾಲತಾಣದಲ್ಲಿ ಹಾಕಿರುತ್ತಾರೆ. ಅಲ್ಲೂ ಸಿಗದಿದ್ದರೆ ಅವರಿಗೆ ಇಮೇಲ್ ಬರೆಯಿರಿ. ಸಂಕೋಚ ಬೇಡ. ತಮ್ಮ ಕೆಲಸವನ್ನು ಓದಬೇಕೆಂದು ಕೇಳಿಕೊಂಡು ಬಂದವರಿಗೆ ಇಲ್ಲ ಎನ್ನುವವರು ಕಡಿಮೆ.

ನೀವು ಸರ್ಕಾರಿ ಕಾಲೇಜು ಅಥವಾ ವಿಶ್ವವಿದ್ಯಾಲಯದಲ್ಲಿ ಇದ್ದರೆ ಲೈಬ್ರರಿಯಲ್ಲಿ ವಿಚಾರಿಸಿ. ಕೇಂದ್ರ ಸರ್ಕಾರದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆ 2025ರ ಜನವರಿಯಲ್ಲಿ ಶುರುವಾಗಿದೆ. 30 ಪ್ರಕಾಶಕರ ಸಾವಿರಾರು ಸಂಶೋಧನಾ ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅದರ ಮೂಲಕ ಓದಬಹುದು. ಕರ್ನಾಟಕದ ವಿಷಯ ಬೇಕಿದ್ದರೆ ಬೆಂಗಳೂರಿನ ನಾಗರಭಾವಿಯಲ್ಲಿರುವ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ) ಸಂಸ್ಥೆಯ ಜಾಲತಾಣ ನೋಡಿ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಂಸ್ಥೆ ಅದು. ಅಲ್ಲಿನ ವರ್ಕಿಂಗ್ ಪೇಪರ್‌ಗಳು ಎಲ್ಲರಿಗೂ ಉಚಿತ.

ಎಚ್ಚರಿಕೆ: ಸುದ್ದಿಯಲ್ಲಿ ಸಂಶೋಧಕರ ಹೆಸರೂ ಇಲ್ಲ, ಸಂಸ್ಥೆಯ ಹೆಸರೂ ಇಲ್ಲ ಎಂದಾದರೆ ಆ ಸುದ್ದಿಯನ್ನು ಮುಂದಕ್ಕೆ ಕಳಿಸಬೇಡಿ.

2. ಕೈಯಲ್ಲಿರುವುದು ಯಾವ ಆವೃತ್ತಿ ನೋಡಿ

ವರ್ಕಿಂಗ್ ಪೇಪರ್ ಅಂದರೆ ಬೇರೆ ತಜ್ಞರು ಪರಿಶೀಲಿಸಿ ಒಪ್ಪುವ ಮೊದಲೇ ಸಂಶೋಧಕರು ಹೊರಗೆ ಬಿಟ್ಟ ಕರಡು. ಅರ್ಥಶಾಸ್ತ್ರದಲ್ಲಿ ಕರಡಿನಿಂದ ಪ್ರಕಟಣೆಗೆ ನಾಲ್ಕೈದು ವರ್ಷ ಹಿಡಿಯುವುದು ಮಾಮೂಲು. ನಡುವೆ ಅಂಕಿ ಬದಲಾಗುತ್ತದೆ. ಬಿಹಾರದ ಪ್ರಬಂಧವನ್ನೇ ನೋಡಿ. 2013ರ ಕರಡಿನಲ್ಲಿ ಹುಡುಗಿಯರ ದಾಖಲಾತಿ ಶೇ. 30ರಷ್ಟು ಹೆಚ್ಚಿತು ಎಂದಿತ್ತು. 2017ರಲ್ಲಿ ಪ್ರಕಟವಾದಾಗ ಅದು ಶೇ. 32 ಆಗಿತ್ತು. ಇಲ್ಲಿ ವ್ಯತ್ಯಾಸ ಸಣ್ಣದು. ಕೆಲವು ಪ್ರಬಂಧಗಳಲ್ಲಿ ತೀರ್ಮಾನವೇ ಮೆತ್ತಗಾಗಿರುತ್ತದೆ. ಹಾಗಾಗಿ ಯಾವಾಗಲೂ ಕೊನೆಯ ಆವೃತ್ತಿಯನ್ನೇ ಹುಡುಕಿ.

3. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಡಿ

ಹೊಸಬರು ಸುಸ್ತಾಗುವುದೇ ಇಲ್ಲಿ. ಪ್ರಬಂಧ 40 ಪುಟ ಇರುತ್ತದೆ, 12ನೇ ಪುಟಕ್ಕೆ ಸಮೀಕರಣ ಬರುತ್ತದೆ, ಅಲ್ಲಿಗೆ ಮುಚ್ಚಿಡುತ್ತಾರೆ. ಹೀಗೆ ಓದಿ: ಮೊದಲು ಅಬ್‌ಸ್ಟ್ರಾಕ್ಟ್, ಅಂದರೆ ಆರಂಭದ ಸಾರಾಂಶ. ಆಮೇಲೆ ಪೀಠಿಕೆ ಪೂರ್ತಿ. ಅರ್ಥಶಾಸ್ತ್ರದ ಪ್ರಬಂಧಗಳಲ್ಲಿ ಪೀಠಿಕೆಯೇ ಇಡೀ ಕಥೆ ಹೇಳಿಬಿಡುತ್ತದೆ. ನಂತರ ನೇರವಾಗಿ ಟೇಬಲ್‌ಗಳಿಗೆ ಹೋಗಿ. ಉಳಿದದ್ದನ್ನು ಅನುಮಾನ ಬಂದಾಗ ಮಾತ್ರ ತಿರುವಿ ನೋಡಿ.

4. ಯಾರ ಜೊತೆ ಹೋಲಿಸಿದ್ದಾರೆ?

ನಿಮ್ಮ ಎರಡು ಗಂಟೆಯಲ್ಲಿ ಒಂದು ಗಂಟೆ ಇದಕ್ಕೇ ಇರಲಿ.

ಸೈಕಲ್ ಕೊಡುವ ಮೊದಲು ಎಷ್ಟು ಹುಡುಗಿಯರು ಹೈಸ್ಕೂಲಿಗೆ ಹೋಗುತ್ತಿದ್ದರು, ಕೊಟ್ಟ ಮೇಲೆ ಎಷ್ಟು ಎಂದು ಎಣಿಸಿದರೆ ಸಾಲದಾ? ಸಾಲದು. ಬಿಹಾರದಲ್ಲಿ ಆ ವರ್ಷಗಳಲ್ಲಿ ಬೇರೆ ಎಷ್ಟೋ ಬದಲಾಗುತ್ತಿತ್ತು. ರಸ್ತೆಗಳು ಆಗುತ್ತಿದ್ದವು, ಜನರ ಆದಾಯ ಏರುತ್ತಿತ್ತು. ಸೈಕಲ್ ಇಲ್ಲದಿದ್ದರೂ ಒಂದಿಷ್ಟು ಹುಡುಗಿಯರು ಶಾಲೆಗೆ ಹೋಗುತ್ತಿದ್ದರು. ಯೋಜನೆ ಇಲ್ಲದಿದ್ದರೆ ಏನಾಗುತ್ತಿತ್ತು ಎಂಬುದನ್ನು ಯಾರೂ ಕಣ್ಣಾರೆ ನೋಡಲಾಗುವುದಿಲ್ಲ. ಅದನ್ನು ಅಂದಾಜು ಮಾಡಲು ಹೋಲಿಕೆಯ ಗುಂಪೊಂದು ಬೇಕು. ಈ ಗುಂಪನ್ನು ಹೇಗೆ ಆರಿಸಿದ್ದಾರೆ ಎಂಬುದರ ಮೇಲೆ ಪ್ರಬಂಧದ ಬೆಲೆ ನಿಂತಿರುತ್ತದೆ.

ಮುರಳೀಧರನ್ ಮತ್ತು ಪ್ರಕಾಶ್ ಮೂರು ಹೋಲಿಕೆ ಮಾಡಿದರು. ಮೊದಲನೆಯದು ವಯಸ್ಸು. ಸೈಕಲ್ ಸಿಗುವ ವಯಸ್ಸಿನಲ್ಲಿದ್ದ 14-15ರ ಹುಡುಗಿಯರು ಒಂದು ಕಡೆ, ಆ ವಯಸ್ಸು ದಾಟಿಬಿಟ್ಟಿದ್ದ 16-17ರ ಹುಡುಗಿಯರು ಇನ್ನೊಂದು ಕಡೆ. ಎರಡನೆಯದು ಅದೇ ವಯಸ್ಸಿನ ಹುಡುಗರು. ರಸ್ತೆ, ಆದಾಯ, ಹೊಸ ಶಾಲೆ ಇವೆಲ್ಲ ಹುಡುಗರಿಗೂ ಅನುಕೂಲವೇ, ಆದರೆ ಆಗ ಅವರಿಗೆ ಸೈಕಲ್ ಇರಲಿಲ್ಲ. ಮೂರನೆಯದು ಪಕ್ಕದ ಜಾರ್ಖಂಡ್. ಹುಡುಗ-ಹುಡುಗಿಯರ ನಡುವಿನ ಅಂತರ ಹೇಗಿದ್ದರೂ ಕಾಲಕ್ರಮೇಣ ಕಡಿಮೆಯಾಗುತ್ತಿರಬಹುದು, ಅದಕ್ಕೆ ಸೈಕಲ್ ಕಾರಣವೇ ಅಲ್ಲದಿರಬಹುದು. 2000ದ ನವೆಂಬರ್‌ವರೆಗೆ ಬಿಹಾರದ ಭಾಗವೇ ಆಗಿದ್ದ ಜಾರ್ಖಂಡ್‌ನಲ್ಲಿ ಆ ಅಂತರ ಎಷ್ಟು ಕಡಿಮೆಯಾಗಿತ್ತು ಎಂದು ನೋಡಿ ಅಷ್ಟನ್ನು ಕಳೆದರು.

ಲೆಕ್ಕ ತಿಳಿಯಲಿ ಅಂತ ಸುಮ್ನೆ ಒಂದು ಉದಾಹರಣೆ ಕೊಡುತ್ತೇನೆ. ಇವು ಪ್ರಬಂಧದ ಅಂಕಿಗಳಲ್ಲ. ಬಿಹಾರದಲ್ಲಿ 16-17ರವರಿಗಿಂತ 14-15ರವರಲ್ಲಿ ಪ್ರತಿ ನೂರಕ್ಕೆ ಹುಡುಗಿಯರು 12 ಜಾಸ್ತಿಯಾದರು, ಹುಡುಗರು 5. ವ್ಯತ್ಯಾಸ 7. ಜಾರ್ಖಂಡ್‌ನಲ್ಲಿ ಹುಡುಗಿಯರು 5 ಜಾಸ್ತಿ, ಹುಡುಗರು 3. ವ್ಯತ್ಯಾಸ 2. ಏಳರಲ್ಲಿ ಎರಡು ಕಳೆದರೆ 5. ಆ ಐದನ್ನು ಸೈಕಲ್ಲಿನ ಲೆಕ್ಕಕ್ಕೆ ಬರೆಯಬಹುದು. ಇದಕ್ಕೆ 'ಟ್ರಿಪಲ್ ಡಿಫರೆನ್ಸ್' ಎನ್ನುತ್ತಾರೆ. ಎರಡೇ ಹೋಲಿಕೆ ಇದ್ದರೆ 'ಡಿಫರೆನ್ಸ್ ಇನ್ ಡಿಫರೆನ್ಸಸ್'. ಹೆಸರು ದೊಡ್ಡದು, ಒಳಗಿರುವುದು ಕಳೆಯುವ ಲೆಕ್ಕ.

ಇನ್ನೊಂದು ದಾರಿ ಚೀಟಿ ಎತ್ತುವುದು. ಇದನ್ನು 'ಆರ್‌ಸಿಟಿ' (ರ್‍ಯಾಂಡಮೈಸ್ಡ್ ಕಂಟ್ರೋಲ್ಡ್ ಟ್ರಯಲ್) ಎನ್ನುತ್ತಾರೆ. ಯೋಜನೆ ಯಾವ ಊರಿಗೆ ಸಿಗಬೇಕು ಎಂಬುದನ್ನು ಲಾಟರಿ ತೀರ್ಮಾನಿಸುತ್ತದೆ. ಹಾಗಾಗಿ ಎರಡೂ ಗುಂಪಿನ ಊರುಗಳು ಸರಾಸರಿಯಲ್ಲಿ ಒಂದೇ ಥರ ಇರುತ್ತವೆ. ರಾಜಸ್ಥಾನದ ಉದಯಪುರದಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 134 ಹಳ್ಳಿಗಳಲ್ಲಿ ಮಕ್ಕಳ ಲಸಿಕೆಯ ಬಗ್ಗೆ ಹೀಗೆ ಪರೀಕ್ಷೆ ಮಾಡಿದರು. ಏನೂ ಮಾಡದ ಊರುಗಳಲ್ಲಿ ಪೂರ್ತಿ ಲಸಿಕೆ ಹಾಕಿಸಿಕೊಂಡ ಮಕ್ಕಳು ಶೇ. 6. ತಪ್ಪದೆ ಶಿಬಿರ ನಡೆದ ಊರುಗಳಲ್ಲಿ ಶೇ. 18. ಶಿಬಿರದ ಜೊತೆ ಪ್ರತಿ ಲಸಿಕೆಗೆ ಒಂದು ಕೆಜಿ ಬೇಳೆ, ಎಲ್ಲ ಲಸಿಕೆ ಮುಗಿಸಿದರೆ ತಟ್ಟೆಗಳ ಸೆಟ್ ಕೊಟ್ಟ ಊರುಗಳಲ್ಲಿ ಶೇ. 39. ಅಪ್ಪ ಅಮ್ಮಂದಿರಿಗೆ ಲಸಿಕೆ ಬೇಡವಾಗಿರಲಿಲ್ಲ, "ನಾಳೆ ಹಾಕಿಸೋಣ" ಎಂದು ಮುಂದೂಡುತ್ತಿದ್ದರು ಎಂಬುದು ಸಂಶೋಧಕರ ವಿವರಣೆ. ಮನುಷ್ಯರ ನಡವಳಿಕೆಯ ಬಗ್ಗೆ ಒಂದು ಕೆಜಿ ಬೇಳೆ ಇಷ್ಟು ಹೇಳುತ್ತದೆ ಎಂಬುದು ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಗಿತ್ತು, ಈಗಲೂ ಆಗುತ್ತದೆ.

ದೊಡ್ಡ ಎಚ್ಚರಿಕೆ: ಯೋಜನೆಗೆ ತಾವಾಗಿ ಸೇರಿದವರನ್ನು ಸೇರದವರ ಜೊತೆ ಹೋಲಿಸಿದ್ದರೆ ಅನುಮಾನ ಪಡಿ. ಸ್ತ್ರೀಶಕ್ತಿ ಸಂಘ ಸೇರಿದ ಹೆಂಗಸರ ಆದಾಯ ಹೆಚ್ಚಿದೆ ಎಂದರೆ ಸಂಘದಿಂದ ಹೆಚ್ಚಿತೋ, ಮೊದಲೇ ಚುರುಕಾಗಿದ್ದವರು ಸಂಘ ಸೇರಿದರೋ? ಬರೀ ಹೋಲಿಕೆಯಿಂದ ಹೇಳಲಾಗದು. ಹೈದರಾಬಾದ್‌ನ 104 ಬಡಾವಣೆಗಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿ ಆರಿಸಿ, ಅಲ್ಲಿ ಕಿರುಸಾಲದ ಶಾಖೆ ತೆರೆದು ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ವ್ಯಾಪಾರದಲ್ಲಿ ಹೂಡಿಕೆ ಸ್ವಲ್ಪ ಹೆಚ್ಚಿತ್ತು. ಆದರೆ ಮಕ್ಕಳ ಓದು, ಆರೋಗ್ಯ, ಮನೆಯಲ್ಲಿ ಹೆಣ್ಣಿನ ಮಾತಿಗೆ ಸಿಗುವ ಬೆಲೆ ಇವುಗಳಲ್ಲಿ ಎದ್ದು ಕಾಣುವ ಬದಲಾವಣೆ ಸಿಗಲಿಲ್ಲ. ಕಿರುಸಾಲದ ಬಗ್ಗೆ ಅಲ್ಲಿಯವರೆಗೆ ಕೇಳಿಬರುತ್ತಿದ್ದ ಮಾತುಗಳು ಇದಕ್ಕಿಂತ ಎಷ್ಟೋ ದೊಡ್ಡವಾಗಿದ್ದವು.

5. ಮಾಹಿತಿ ಎಲ್ಲಿಂದ ಬಂತು?

ಅಂಕಿ ಸಂಗ್ರಹಿಸಿದವರು ಯಾರು ಎಂದು ನೋಡಿ. ಸೈಕಲ್ ಹಂಚುವ ಇಲಾಖೆಯ ರಿಜಿಸ್ಟರ್‌ನಿಂದಲೇ ದಾಖಲಾತಿ ಎಣಿಸಿದರೆ ತೊಂದರೆ ಇದೆ. ಸೈಕಲ್‌ಗಾಗಿ ಹೆಸರು ಬರೆಸಿ ಶಾಲೆಗೆ ಬಾರದವರೂ ಅದರಲ್ಲಿ ಸೇರುತ್ತಾರೆ. ಬಿಹಾರದ ಪ್ರಬಂಧದಲ್ಲಿ 2007-08ರ ಡಿಎಲ್‌ಎಚ್‌ಎಸ್ ಸಮೀಕ್ಷೆಯನ್ನು ಬಳಸಿದ್ದಾರೆ. ಮನೆ ಮನೆಗೆ ಹೋಗಿ, ಮುಖ್ಯವಾಗಿ ಆರೋಗ್ಯದ ಮಾಹಿತಿ ಕೇಳಿದ ಸಮೀಕ್ಷೆ ಅದು. ಸೈಕಲ್ ಯೋಜನೆಗೂ ಅದಕ್ಕೂ ಸಂಬಂಧವಿಲ್ಲ, ಹಾಗಾಗಿ ಸುಳ್ಳು ಹೇಳುವ ಕಾರಣ ಕಡಿಮೆ. ಅಷ್ಟಕ್ಕೇ ಬಿಡದೆ 10ನೇ ತರಗತಿ ಬೋರ್ಡ್ ಪರೀಕ್ಷೆಯ ಅಂಕಿಗಳನ್ನೂ ನೋಡಿದ್ದಾರೆ. ಪರೀಕ್ಷೆಗೆ ಕೂತ ಹುಡುಗಿಯರು ಶೇ. 18 ಹೆಚ್ಚಿದರು, ಪಾಸಾದವರು ಶೇ. 12 ಹೆಚ್ಚಿದರು. ಬರೀ ಹೆಸರು ಬರೆಸಿ ಮನೆಯಲ್ಲಿದ್ದರೆ ಹೀಗಾಗುತ್ತಿರಲಿಲ್ಲ.

ಮಾಹಿತಿಯೇ ಸುಳ್ಳಾಗಿರುವ ಸಂದರ್ಭಗಳೂ ಇವೆ. ಅರ್ಜಿಯ ಕೊನೆಯಲ್ಲಿ ಸಹಿ ಮಾಡಿಸುವ ಬದಲು ಮೇಲ್ಗಡೆ ಮಾಡಿಸಿದರೆ ಜನ ಹೆಚ್ಚು ಪ್ರಾಮಾಣಿಕವಾಗಿ ಮಾಹಿತಿ ತುಂಬುತ್ತಾರೆ ಎಂದು 2012ರಲ್ಲಿ ಒಂದು ಪ್ರಬಂಧ ಹೇಳಿತ್ತು. ಅದು ಬಹಳ ಹೆಸರು ಮಾಡಿತು. ಅದರಲ್ಲಿದ್ದ ಕಾರ್ ವಿಮೆಯ ಅಂಕಿಗಳು ಕೃತಕವಾಗಿ ಸೃಷ್ಟಿಸಿದವು ಎಂದು ಇತರ ಸಂಶೋಧಕರು ತೋರಿಸಿದ ಮೇಲೆ 2021ರಲ್ಲಿ ಪ್ರಕಟಿಸಿದ್ದ ಸಂಶೋಧನಾ ಪತ್ರಿಕೆಯೇ ಅದನ್ನು ಹಿಂತೆಗೆದುಕೊಂಡಿತು. ಅಂಕಿಗಳನ್ನು ಎಲ್ಲರಿಗೂ ತೆರೆದಿಟ್ಟಿದ್ದರಿಂದಲೇ ಇದು ಬಯಲಾಗಿದ್ದು. ಪ್ರಬಂಧದ ಜೊತೆ ಮೂಲ ಅಂಕಿಗಳನ್ನೂ ಕೊಟ್ಟಿದ್ದಾರಾ ಎಂದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

6. ಟೇಬಲ್ ಓದಿ

ಟೇಬಲ್‌ನಲ್ಲಿ ಪ್ರತಿ ಅಂಕಿಯ ಕೆಳಗೆ ಕಂಸದಲ್ಲಿ ಇನ್ನೊಂದು ಸಣ್ಣ ಅಂಕಿ ಇರುತ್ತದೆ. ಮೇಲಿನದು ಯೋಜನೆಯ ಪರಿಣಾಮದ ಅಂದಾಜು. ಕೆಳಗಿನದು 'ಸ್ಟ್ಯಾಂಡರ್ಡ್ ಎರರ್', ಅಂದರೆ ಆ ಅಂದಾಜು ಎಷ್ಟು ಅಲುಗಾಡಬಹುದು ಎಂಬುದರ ಅಳತೆ. ಮೇಲಿನದು ಕೆಳಗಿನದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಇದ್ದರೆ ಅದು ಬರೀ ಆಕಸ್ಮಿಕ ಇರಲಾರದು ಎಂದು ಸಂಶೋಧಕರು ಒಪ್ಪುತ್ತಾರೆ. ಪಕ್ಕದ ನಕ್ಷತ್ರ ಚಿಹ್ನೆಗಳು ಹೇಳುವುದೂ ಇದನ್ನೇ.

ಎಚ್ಚರಿಕೆ, ನಕ್ಷತ್ರ ಇದೆ ಎಂದ ಮಾತ್ರಕ್ಕೆ ಪರಿಣಾಮ ದೊಡ್ಡದು ಎಂದಲ್ಲ. ಲಕ್ಷಾಂತರ ಜನರ ಮಾಹಿತಿ ಇದ್ದರೆ ತೀರಾ ಸಣ್ಣ ಬದಲಾವಣೆಗೂ ಮೂರು ನಕ್ಷತ್ರ ಸಿಗುತ್ತದೆ.

ಸುದ್ದಿ ಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಬೇರೆಯದೇ. ಶೇಕಡಾ ಮತ್ತು 'ಪರ್ಸೆಂಟೇಜ್ ಪಾಯಿಂಟ್' ಎರಡನ್ನೂ ಒಂದೇ ಎಂದುಕೊಳ್ಳುವುದು. ಬಿಹಾರದಲ್ಲಿ ಶೇ. 32 ಹೆಚ್ಚಳ ಎಂದರೆ ನೂರಕ್ಕೆ 32 ಹುಡುಗಿಯರು ಹೊಸದಾಗಿ ಬಂದರು ಎಂದಲ್ಲ. ಆ ವಯಸ್ಸಿನ ನೂರು ಹುಡುಗಿಯರಲ್ಲಿ 9ನೇ ತರಗತಿ ಮುಟ್ಟುತ್ತಿದ್ದವರು 16ರ ಆಸುಪಾಸು ಇದ್ದರು. ಅದು 21ರ ಆಸುಪಾಸಿಗೆ ಏರಿತು. ಏರಿದ್ದು ಸುಮಾರು 5 ಪರ್ಸೆಂಟೇಜ್ ಪಾಯಿಂಟ್. ಹದಿನಾರು ಚಿಲ್ಲರೆಗೆ ಐದು ಚಿಲ್ಲರೆ ಎಂದರೆ ಸುಮಾರು ಶೇ. 32. ಎರಡೂ ನಿಜವೇ. ಆದರೆ ಮೊದಲ ಅಂಕಿ ಎಷ್ಟಿತ್ತು ಎಂದು ಹೇಳದೆ ಬರೀ ಶೇ. 32 ಎಂದರೆ ಓದುಗರು ದಾರಿ ತಪ್ಪುತ್ತಾರೆ. ಮತ್ತೆ, ಆ ಮೊದಲ ಅಂಕಿಯನ್ನು ಇನ್ನೊಮ್ಮೆ ನೋಡಿ. ನೂರಕ್ಕೆ 84 ಹುಡುಗಿಯರು ಆ ವಯಸ್ಸಿಗೆ ಅಲ್ಲಿಗೆ ತಲುಪುತ್ತಲೇ ಇರಲಿಲ್ಲ.

7. ಪರಿಣಾಮ ಯಾಕೆ ಆಯಿತು ಎಂದು ತೋರಿಸಿದ್ದಾರಾ?

ಹುಡುಗಿಯರು ಬಂದಿದ್ದು ಸೈಕಲ್ ಓಡಿಸಲೋ, 2000 ರೂಪಾಯಿಯ ಆಸೆಗೋ? ದುಡ್ಡೇ ಕಾರಣವಾಗಿದ್ದರೆ ಶಾಲೆಯ ಪಕ್ಕದ ಮನೆಯ ಹುಡುಗಿಯೂ ಅಷ್ಟೇ ಪ್ರಮಾಣದಲ್ಲಿ ಸೇರಬೇಕಿತ್ತು. ಸಂಶೋಧಕರು ಹಳ್ಳಿಯಿಂದ ಹೈಸ್ಕೂಲಿಗೆ ಎಷ್ಟು ದೂರ ಎಂದು ವಿಂಗಡಿಸಿ ನೋಡಿದರು. ಹೆಚ್ಚಳದ ಬಹುಪಾಲು ಶಾಲೆ ದೂರ ಇದ್ದ ಹಳ್ಳಿಗಳಲ್ಲೇ ಆಗಿತ್ತು. ಅಂದರೆ ದಾರಿಯ ದೂರ, ಹೋಗಿ ಬರುವ ಹೊತ್ತು, ಹೆಣ್ಣುಮಗಳನ್ನು ಒಬ್ಬಳೇ ಕಳಿಸುವ ಭಯ ಇವನ್ನು ಸೈಕಲ್ ಕಡಿಮೆ ಮಾಡಿತು. ಒಳ್ಳೆಯ ಪ್ರಬಂಧ ಹೀಗೆ ತನ್ನ ವಿವರಣೆಯನ್ನು ತಾನೇ ಪರೀಕ್ಷೆಗೆ ಒಡ್ಡುತ್ತದೆ. ಬರೀ ಊಹೆ ಹೇಳಿ ಮುಗಿಸಿದ್ದರೆ ಅದನ್ನು ಊಹೆ ಎಂದೇ ಓದಿಕೊಳ್ಳಿ.

8. ಬೇರೆಯವರು ಏನು ಹೇಳಿದ್ದಾರೆ ನೋಡಿ

ಒಂದೇ ಪ್ರಬಂಧದ ಮೇಲೆ ತೀರ್ಮಾನಕ್ಕೆ ಬರಬೇಡಿ. ಅಮೆರಿಕದ ನ್ಯೂಜೆರ್ಸಿಯಲ್ಲಿ 1992ರ ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05 ಡಾಲರಿಗೆ ಏರಿಸಿದರು. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಲ್ಲಿಯ ಮತ್ತು ಪಕ್ಕದ ಪೂರ್ವ ಪೆನ್ಸಿಲ್ವೇನಿಯಾದ ಒಟ್ಟು 410 ಫಾಸ್ಟ್‌ಫುಡ್ ಅಂಗಡಿಗಳನ್ನು ಹೋಲಿಸಿ, ಕೆಲಸಗಳು ಕಡಿಮೆಯಾಗಲಿಲ್ಲ ಎಂದರು. ಬೇರೆ ಇಬ್ಬರು ಅಂಗಡಿಗಳ ಸಂಬಳದ ದಾಖಲೆ ತೆಗೆದು, ಕಡಿಮೆಯಾಯಿತು ಎಂದರು. ಕಾರ್ಡ್ ಮತ್ತು ಕ್ರೂಗರ್ ಸರ್ಕಾರಿ ಅಂಕಿಗಳನ್ನು ಹಿಡಿದು 2000ದಲ್ಲಿ ಮರು ಉತ್ತರ ಕೊಟ್ಟರು. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು. ಕನಿಷ್ಠ ಕೂಲಿಯ ಚರ್ಚೆ ಇನ್ನೂ ನಡೆಯುತ್ತಲೇ ಇದೆ. ಗೂಗಲ್ ಸ್ಕಾಲರ್‌ನಲ್ಲಿ ಪ್ರಬಂಧದ ಕೆಳಗೆ ಅದನ್ನು ಉಲ್ಲೇಖಿಸಿದವರ ಪಟ್ಟಿಯ ಕೊಂಡಿ ಇರುತ್ತದೆ. ಅದನ್ನು ಒತ್ತಿ ಹತ್ತು ನಿಮಿಷ ನೋಡಿದರೂ ಜಗಳ ಎಲ್ಲಿದೆ ಎಂದು ಗೊತ್ತಾಗುತ್ತದೆ.

9. ನಮ್ಮ ಊರಿಗೆ ತರುವ ಮುನ್ನ

ಕರ್ನಾಟಕದಲ್ಲೂ 2006-07ರಲ್ಲೇ ಸೈಕಲ್ ಯೋಜನೆ ಶುರುವಾಯಿತು. ಹಾಗಂತ ಬಿಹಾರದ ಶೇ. 32 ಇಲ್ಲಿಗೂ ಅನ್ವಯಿಸುತ್ತದೆ ಎನ್ನಲಾಗದು. ಇಲ್ಲಿ ಕೊಟ್ಟಿದ್ದು 8ನೇ ತರಗತಿಗೆ, ದುಡ್ಡಲ್ಲ, ಸೈಕಲ್ಲನ್ನೇ. ಹೈಸ್ಕೂಲಿಗೆ ಹೋಗುವ ಹುಡುಗಿಯರ ಪ್ರಮಾಣ ಇಲ್ಲಿ ಮೊದಲೇ ಹೆಚ್ಚಿತ್ತು, ಏರಲು ಉಳಿದಿದ್ದ ಜಾಗ ಕಡಿಮೆ. ಬಿಹಾರದ ಬಯಲಿನಲ್ಲಿ ಸೈಕಲ್ ತುಳಿಯುವುದಕ್ಕೂ ಮಲೆನಾಡಿನ ಏರಿನಲ್ಲಿ ತುಳಿಯುವುದಕ್ಕೂ ವ್ಯತ್ಯಾಸವಿದೆ. ಬಿಹಾರದಿಂದ ನಾವು ತರಬಹುದಾದದ್ದು ಅಂಕಿಯಲ್ಲ, ಕಾರಣ: ಶಾಲೆ ದೂರ ಇದ್ದಲ್ಲಿ ದೂರವೇ ಹುಡುಗಿಯರನ್ನು ತಡೆಯುತ್ತಿರಬಹುದು. ನಿಮ್ಮ ತಾಲ್ಲೂಕಿನಲ್ಲಿ ಹಾಗಿದೆಯೇ ಎಂದು ನೀವೇ ನೋಡಬಹುದು.

10. ಶಕ್ತಿ ಯೋಜನೆಯ ಮೇಲೆ ಅಭ್ಯಾಸ ಮಾಡಿ

"ಉಚಿತ ಬಸ್ಸಿನಿಂದ ಹೆಂಗಸರು ಕೆಲಸಕ್ಕೆ ಹೋಗುವುದು ಜಾಸ್ತಿಯಾಯಿತು" ಎಂಬ ಸುದ್ದಿ ನಿಮ್ಮ ಕೈಗೆ ಬಂದಿದೆ ಎಂದುಕೊಳ್ಳಿ. ಶಕ್ತಿ ಶುರುವಾಗಿದ್ದು 2023ರ ಜೂನ್ 11ಕ್ಕೆ. ಯಾರ ಜೊತೆ ಹೋಲಿಸಬೇಕು?

ಪಕ್ಕದ ಮಹಾರಾಷ್ಟ್ರದ ಜೊತೆ ಎಂದರೆ, ಅಲ್ಲಿ ಅದೇ ವರ್ಷದ ಮಾರ್ಚ್‌ನಲ್ಲಿ ರಾಜ್ಯ ಸಾರಿಗೆಯ (ಎಸ್‌ಟಿ) ಬಸ್ಸುಗಳಲ್ಲಿ ಹೆಂಗಸರಿಗೆ ಅರ್ಧ ದರ ಬಂದಿದೆ. ತೆಲಂಗಾಣ ಎಂದರೆ, ಅಲ್ಲಿ ಡಿಸೆಂಬರ್‌ನಲ್ಲಿ ಪೂರ್ತಿ ಉಚಿತವಾಯಿತು. ಬೀದರ್, ಕಲಬುರಗಿಯನ್ನು ಗಡಿಯಾಚೆಗಿನ ಜಿಲ್ಲೆಗಳ ಜೊತೆ ಹೋಲಿಸಲು ಸಿಗುವುದು ಆರು ತಿಂಗಳಷ್ಟೇ. ಆ ಆರು ತಿಂಗಳ ನಡುವೆ, ಆಗಸ್ಟ್ 30ಕ್ಕೆ, ಗೃಹಲಕ್ಷ್ಮಿಯ 2000 ರೂಪಾಯಿಯೂ ಶುರುವಾಯಿತು. ಬದಲಾವಣೆ ಬಸ್ಸಿನದೋ ದುಡ್ಡಿನದೋ?

ರಾಜ್ಯದ ಒಳಗೇ ಹೋಲಿಸಬಹುದು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು, ಅವುಗಳಲ್ಲಿ ಶಕ್ತಿ ಇಲ್ಲ. ಗೃಹಲಕ್ಷ್ಮಿ ಮಾತ್ರ ಎರಡೂ ಕಡೆ ಇದೆ. ಹಾಗಾಗಿ ಇದು ಮೇಲಿನ ಎರಡಕ್ಕಿಂತ ಒಳ್ಳೆಯ ಹೋಲಿಕೆ. ಆದರೆ ಕರಾವಳಿಯ ಹೆಂಗಸರ ಓದು, ಬೀಡಿ ಕಟ್ಟುವುದರಿಂದ ಹಿಡಿದು ಬ್ಯಾಂಕಿನವರೆಗಿನ ದುಡಿಮೆ ಮೊದಲಿಂದಲೂ ಬೇರೆಯೇ. ಹಾಗಾಗಿ 2023ಕ್ಕೆ ಮೊದಲಿನ ಐದಾರು ವರ್ಷ ಎರಡೂ ಕಡೆ ಹೆಂಗಸರ ದುಡಿಮೆ ಒಂದೇ ಗತಿಯಲ್ಲಿ ಏರಿಳಿಯುತ್ತಿತ್ತಾ ಎಂಬ ಟೇಬಲ್ ಅಥವಾ ಗ್ರಾಫ್ ಪ್ರಬಂಧದಲ್ಲಿ ಇದೆಯೇ ನೋಡಿ. ಅದರಲ್ಲಿ ಕೋವಿಡ್‌ನ ಎರಡು ವರ್ಷಗಳನ್ನು ಹೇಗೆ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ ಎಂಬುದನ್ನೂ ನೋಡಿ. ಅಂಥ ಗ್ರಾಫ್ ಇಲ್ಲದಿದ್ದರೆ ಸಂಶೋಧಕರಿಗೆ ಬರೆದು ಕೇಳಿ.